ರಕ್ತ ಒಂದೇ, ಕೊಲೆಸ್ಟ್ರಾಲ್ ಒಂದೇ, ಬ್ಲಾಕ್ ಮಾತ್ರ ಕವಲಿನಲ್ಲೇ ಯಾಕೆ?

ತುಂಗಾತೀರ

ಮನೆಯ ಹಿರಿಯರೊಬ್ಬರಿಗೆ ಕತ್ತಿನ ಡಾಪ್ಲರ್ ಆಯಿತು. ಕ್ಯಾರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುವ ಜಾಗದಲ್ಲಿ, ರಿಪೋರ್ಟಿನಲ್ಲಿ 'ಬಲ್ಬ್' ಎಂದು ಬರೆಯುವ ಉಬ್ಬಿನಲ್ಲಿ, ಪ್ಲಾಕ್, ಅಂದರೆ ನಾಳವನ್ನು ಕಿರಿದಾಗಿಸುವ ಕೊಬ್ಬಿನ ಗಂಟು, ಇದೆಯಂತೆ. ಅದರ ಕೆಳಗಿನ ನೇರ ಭಾಗ ಪೂರ್ತಿ ಚೊಕ್ಕಟ. ಆಂಜಿಯೋಗ್ರಾಂ ಮಾಡಿಸಿಕೊಂಡ ಪರಿಚಯದವರ ರಿಪೋರ್ಟುಗಳಲ್ಲೂ ಇದೇ ಕಥೆ: ಕವಲಿನ ಹತ್ತಿರ, ತಿರುವಿನ ಒಳಬದಿಯಲ್ಲಿ.

ನನ್ನ ಪ್ರಶ್ನೆ ಇಷ್ಟೇ. ದೇಹದ ತುಂಬ ಹರಿಯುವುದು ಒಂದೇ ರಕ್ತ, ಅದರಲ್ಲಿರುವುದು ಅದೇ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಅದೇ ಸಕ್ಕರೆ. ಹಾಗಿದ್ದಮೇಲೆ ಎಲ್ಲ ಕಡೆ ಒಂದೇ ಸಮ ಯಾಕೆ ಹತ್ತಿಕೊಳ್ಳುವುದಿಲ್ಲ? ಹುಡುಕಿದಾಗ 'ಉರಿಯೂತ' (ಇನ್‌ಫ್ಲಮೇಶನ್) ಎಂಬ ಪದ ಮತ್ತೆ ಮತ್ತೆ ಸಿಕ್ಕಿತು. ಗಾಯವಿಲ್ಲ, ಸೋಂಕಿಲ್ಲ, ಉರಿಯೂತ ಎಲ್ಲಿಂದ ಬಂತು? ವೈದ್ಯರೋ ಎಂಜಿನಿಯರೋ, ತಿಳಿದವರು ಯಾರಾದರೂ ಬಿಡಿಸಿ ಹೇಳಿ. ಉದ್ದವಾದರೂ ಪರವಾಗಿಲ್ಲ, ಓದುತ್ತೇನೆ.

ದ್ರವಗತಿ

ನಾನು ವೈದ್ಯನಲ್ಲ, ದ್ರವಗಳ ಹರಿವಿನ ಲೆಕ್ಕ ಮಾಡುವವನು. ಹಾಗಾಗಿ ಹರಿವಿನ ಪಾಲನ್ನಷ್ಟೇ ಹೇಳುತ್ತೇನೆ, ಉರಿಯೂತದ ಪಾಲನ್ನು ಜೀವಕೋಶ ಬಲ್ಲವರು ಹೇಳಲಿ.

ರಕ್ತ ನಾಳದ ಗೋಡೆಯ ಮೇಲೆ ಮುಖ್ಯವಾಗಿ ಮೂರು ಬಗೆಯ ಬಲ ಹಾಕುತ್ತದೆ. ಗೋಡೆಗೆ ನೇರವಾಗಿ ಒತ್ತುವುದು ಒಂದು, ಅದನ್ನೇ ನಾವು ಬಿಪಿ ಅನ್ನುವುದು. ಪ್ರತಿ ಬಡಿತಕ್ಕೂ ನಾಳ ಹಿಗ್ಗಿ ಕುಗ್ಗುವಾಗ ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವುದು ಎರಡನೆಯದು. ಮೂರನೆಯದು ಹರಿಯುತ್ತ ಗೋಡೆಯನ್ನು ಉದ್ದಕ್ಕೆ ಸವರಿಕೊಂಡು ಹೋಗುವ ಬಲ. ಇದನ್ನು ಶಿಯರ್ ಸ್ಟ್ರೆಸ್ ಅನ್ನುತ್ತೇವೆ.

ನಿಮ್ಮ ಪ್ರಶ್ನೆಯ ಉತ್ತರ ಈ ಮೂರನೆಯದರಲ್ಲಿದೆ, ಮತ್ತು ಅದು ಎಷ್ಟು ಸಣ್ಣದು ಅನ್ನುವುದೇ ನನಗೆ ಇವತ್ತಿಗೂ ಬೆರಗು. ಬಿಪಿ 100 ಮಿಲಿಮೀಟರ್ ಪಾದರಸ ಅಂದರೆ ಸುಮಾರು 13,300 ಪಾಸ್ಕಲ್. ನೇರವಾದ ಅಪಧಮನಿಯಲ್ಲಿ ಶಿಯರ್ ಬರೀ 1ರಿಂದ 2 ಪಾಸ್ಕಲ್. ಸುಮಾರು ಹತ್ತು ಸಾವಿರ ಪಟ್ಟು ಚಿಕ್ಕದು. ಆದರೂ ಒಳಪದರದ ಕೋಶ ಇದನ್ನು ಗುರುತಿಸುತ್ತದೆ. ಎಷ್ಟು ಬಲ ಅನ್ನುವುದನ್ನಷ್ಟೇ ಅಲ್ಲ, ಯಾವ ದಿಕ್ಕಿಗೆ, ಎಷ್ಟು ಹೊತ್ತು ಅನ್ನುವುದನ್ನೂ.

ನೇರ ನಾಳದಲ್ಲಿ ಈ ಬಲ ಒಂದೇ ದಿಕ್ಕಿಗೆ ಬಡಿತದ ಲಯದಲ್ಲಿ ಏರಿಳಿಯುತ್ತದೆ. ಕ್ಯಾರೋಟಿಡ್ ಬಲ್ಬಿನಲ್ಲಿ ಹಾಗಲ್ಲ. ಅಲ್ಲಿ ನಾಳ ಅಗಲವಾಗುತ್ತದೆ, ಜೊತೆಗೆ ಕವಲಾಗುತ್ತದೆ. ವೇಗದ ಹರಿವೆಲ್ಲ ಎರಡು ಕವಲುಗಳ ನಡುವಿನ ಗೋಡೆಯ ಕಡೆ ವಾಲುತ್ತದೆ. ಅದರ ಎದುರಿನ ಹೊರಗೋಡೆಯ ಬಳಿ ಹರಿವು ಗೋಡೆಯಿಂದ ಬೇರ್ಪಟ್ಟು, ಪ್ರತಿ ಬಡಿತದಲ್ಲೂ ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರುತ್ತದೆ. ಅಲ್ಲಿ ಶಿಯರ್ 0.4 ಪಾಸ್ಕಲ್‌ಗಿಂತ ಕೆಳಗೆ, ದಿಕ್ಕೂ ಸ್ಥಿರವಿಲ್ಲ. ಪ್ಲಾಕ್ ಬರುವುದು ಬಹುಪಾಲು ಆ ಹೊರಗೋಡೆಯಲ್ಲೇ. 1983ರಲ್ಲಿ ಝಾರಿನ್ಸ್ ಮತ್ತು ಸಂಗಡಿಗರು ಮೃತರ ಕ್ಯಾರೋಟಿಡ್ ಕವಲುಗಳನ್ನು ಸೀಳಿ ನೋಡಿ, ಅದೇ ಆಕಾರದ ಮಾದರಿಯಲ್ಲಿ ದ್ರವ ಹರಿಸಿ, ಎರಡನ್ನೂ ಜೋಡಿಸಿ ತೋರಿಸಿದರು.

ಅದಕ್ಕೂ ಮೊದಲು ಇದರ ಮೇಲೆ ದೊಡ್ಡ ಜಗಳವೇ ಇತ್ತು. 1968ರಲ್ಲಿ ಅಮೆರಿಕದ ಡೊನಾಲ್ಡ್ ಫ್ರೈ, ನಾಯಿಗಳ ಮಹಾಪಧಮನಿಯಲ್ಲಿ ಪ್ರಯೋಗ ಮಾಡಿ, ವಿಪರೀತ ಶಿಯರ್ ಒಳಪದರವನ್ನು ಕಿತ್ತುಹಾಕುತ್ತದೆ ಎಂದು ತೋರಿಸಿದರು. ಹೆಚ್ಚು ಬಲವೇ ರೋಗಕ್ಕೆ ಮೂಲ ಅನ್ನಿಸುವಂತೆ ಇತ್ತು ಅದು. ಮರುವರ್ಷವೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾರೋ ತಂಡ ಉಲ್ಟಾ ಹೇಳಿತು: ಮನುಷ್ಯರ ನಾಳಗಳಲ್ಲಿ ಪ್ಲಾಕ್ ಇರುವುದು ಬಲ ಕಡಿಮೆ ಇರುವ ಕಡೆ. ಪ್ಲಾಕ್ ಮಟ್ಟಿಗೆ ನಿಂತದ್ದು ಕಾರೋ ಮಾತು.

ಬಯಲುಸೀಮೆ

ದ್ರವಗತಿಯವರೇ, ಹಾಗಾದರೆ ಇದು ನಮ್ಮ ಕಾಲುವೆಯ ಹೂಳಿನ ಲೆಕ್ಕವೇ ಅಲ್ಲವೇ? ತಿರುವಿನಲ್ಲಿ, ತೂಬಿನ ಪಕ್ಕದಲ್ಲಿ ನೀರು ನಿಧಾನವಾಗುತ್ತದೆ, ಹೂಳು ಕೂರುತ್ತದೆ. ಹರಿವು ಜೋರಿರುವ ಕಡೆ ಕೊಚ್ಚಿಕೊಂಡು ಹೋಗುತ್ತದೆ. ಇದಕ್ಕೆ ಉರಿಯೂತ ಗಿರಿಯೂತ ಯಾಕೆ ಬೇಕು?

ಪೆಟ್ರಿಡಿಶ್

ಬಯಲುಸೀಮೆಯವರ ಹೋಲಿಕೆ ಎಲ್ಲರ ತಲೆಯಲ್ಲೂ ಇರುವುದೇ. ಅದನ್ನು ಇಲ್ಲಿಯೇ ಬಿಡಿಸುವುದು ಒಳ್ಳೆಯದು, ಯಾಕೆಂದರೆ ಈ ವಿಷಯದ ಜೀವಾಳವೇ ಅಲ್ಲಿದೆ. ನಾನು ನಾಳದ ಒಳಪದರದ ಕೋಶಗಳನ್ನು ಬೆಳೆಸಿ ಅವುಗಳ ಮೇಲೆ ದ್ರವ ಹರಿಸುವ ಕೆಲಸ ಮಾಡುತ್ತೇನೆ.

ಹೂಳು ಮೇಲಿಂದ ಬೀಳುತ್ತದೆ, ಕಾಲುವೆಯ ತಳ ಸುಮ್ಮನೆ ಬಿದ್ದಿರುತ್ತದೆ. ಪ್ಲಾಕ್ ಹಾಗೆ ರಕ್ತದ ಕಡೆಯಿಂದ ಗೋಡೆಗೆ ಮೆತ್ತಿಕೊಂಡ ಪದಾರ್ಥವಲ್ಲ. ಅದು ಒಳಪದರದ ಕೆಳಗೆ, ಗೋಡೆಯ ಒಳಗೇ ಬೆಳೆಯುವಂಥದ್ದು. ಅದರಲ್ಲಿ ಎಲ್‌ಡಿಎಲ್ ಇದೆ, ಅದರಷ್ಟೇ ಮುಖ್ಯವಾಗಿ ಅಲ್ಲಿಗೆ ಒಳನುಗ್ಗಿದ ಬಿಳಿ ರಕ್ತಕಣಗಳಿವೆ. ಆ ಬಿಳಿಕಣಗಳನ್ನು ಕರೆದದ್ದು ಗೋಡೆಯ ಕೋಶವೇ. ಹರಿವು ಕೆಟ್ಟಿದೆ ಎಂದು ಅರಿತು, ತನ್ನ ವಂಶವಾಹಿಗಳಲ್ಲಿ ಯಾವುದನ್ನು ಓದಬೇಕು ಅನ್ನುವುದನ್ನೇ ಬದಲಿಸಿ, ಕರೆದದ್ದು. ಹರಿವು ಪದಾರ್ಥವನ್ನು ಕೂರಿಸುವುದಕ್ಕಿಂತ ಹೆಚ್ಚಾಗಿ ಕೋಶದ ನಡವಳಿಕೆಯನ್ನು ಬದಲಿಸುತ್ತದೆ. ನನಗೆ ಈ ಚರ್ಚೆಯಲ್ಲಿ ಹೇಳಬೇಕಿರುವುದು ಇದೊಂದೇ, ಉಳಿದದ್ದೆಲ್ಲ ಅದರ ವಿವರ.

ಇದನ್ನು ಕಣ್ಣಾರೆ ನೋಡಬಹುದು. 1981ರಲ್ಲಿ ಡ್ಯೂಯಿ, ಗಿಂಬ್ರೋನ್, ಡೇವಿಸ್ ಮತ್ತು ಸಂಗಡಿಗರು ತಟ್ಟೆಯಲ್ಲಿ ಬೆಳೆದ ಕೋಶಗಳ ಮೇಲೆ ಶಂಕುವಿನಾಕಾರದ ತಿರುಗಣೆ ಇಟ್ಟು ದ್ರವವನ್ನು ತಿರುಗಿಸಿದರು. ದಿಕ್ಕುದೆಸೆ ಇಲ್ಲದ ಬಹುಭುಜಗಳಂತೆ ಹರಡಿಕೊಂಡಿದ್ದ ಕೋಶಗಳು ಒಂದೆರಡು ದಿನದಲ್ಲಿ ಉದ್ದವಾಗಿ, ಎಲ್ಲವೂ ಹರಿವಿನ ದಿಕ್ಕಿಗೆ ತಿರುಗಿ ಮಲಗಿದವು. ಹರಿವನ್ನು ಹಿಂದೆಮುಂದೆ ಮಾಡಿದರೆ ಹಾಗೆ ಜೋಡಿಸಿಕೊಳ್ಳುವುದಿಲ್ಲ. ಜೀವಂತ ನಾಳದಲ್ಲೂ ಇದೇ. ಮಹಾಪಧಮನಿಯ ನೇರ ಭಾಗದಲ್ಲಿ ಉದ್ದುದ್ದ ಕೋಶಗಳು, ಕಮಾನಿನ ಒಳಬಾಗಿನಲ್ಲಿ ಅಡ್ಡಾದಿಡ್ಡಿ ಕೋಶಗಳು.

ತುಂಗಾತೀರ

ಪೆಟ್ರಿಡಿಶ್ ಅವರೇ, ಕೋಶ 'ಅರಿಯುತ್ತದೆ' ಅಂದಿರಿ. ಯಾವುದರಿಂದ? ಮತ್ತೆ ಅರಿತ ಮೇಲೆ ಬಿಳಿಕಣ ಕರೆಯುವ ತನಕ ಏನಾಗುತ್ತದೆ?

ಪೆಟ್ರಿಡಿಶ್

ಅರಿಯುವ ಅಂಗ ಒಂದೇ ಅಲ್ಲ. ರಕ್ತದ ಕಡೆ ಮುಖ ಮಾಡಿದ ಮೈಮೇಲೆ ಸಕ್ಕರೆ ಸರಪಳಿಗಳ ನವಿರು ಹೊದಿಕೆ ಇದೆ, ಅದು ಹರಿವಿಗೆ ಬಾಗುತ್ತದೆ. ಪೊರೆಯಲ್ಲಿ ಪಿಯೆಜೊ1 ಎಂಬ ಅಯಾನು ವಾಹಿನಿ ಇದೆ. ಪೊರೆ ಎಳೆದಾಗ ತೆರೆದು ಕ್ಯಾಲ್ಸಿಯಂ ಒಳಬಿಡುತ್ತದೆ. 2010ರಲ್ಲಿ ಅರ್ಡೆಮ್ ಪಟಪೂಟಿಯನ್ ತಂಡ ಇದನ್ನು ಕಂಡುಹಿಡಿಯಿತು, 2021ರ ನೊಬೆಲ್ ಪಾಲು ಅವರಿಗೆ ಬಂದದ್ದು ಇದಕ್ಕಾಗಿ. ಕೆಳಮೈಯಲ್ಲಿ, ಕೋಶ ತನ್ನ ಬುಡದ ಜಾಲರಿಯನ್ನು ಹಿಡಿದುಕೊಂಡಿರುವ ಕಡೆ, ಇಂಟೆಗ್ರಿನ್ ಎಂಬ ಪ್ರೋಟೀನುಗಳಿವೆ. ಇನ್ನು ಅಕ್ಕಪಕ್ಕದ ಕೋಶಗಳು ಕೂಡುವ ಅಂಚಿನಲ್ಲಿ ಮೂರು ಪ್ರೋಟೀನುಗಳ ಕೂಟವಿದೆ: ಪಿಕ್ಯಾಮ್-1, ವಿಇ-ಕ್ಯಾಡ್ಹೆರಿನ್, ವಿಇಜಿಎಫ್ ಗ್ರಾಹಕ 2. ಎಳೆತವನ್ನು ಪಿಕ್ಯಾಮ್ ಹಿಡಿಯುತ್ತದೆ, ಕ್ಯಾಡ್ಹೆರಿನ್ ಕೊಂಡಿಯಾಗುತ್ತದೆ, ಗ್ರಾಹಕ ಸಂಕೇತವನ್ನು ಒಳಗೆ ದಾಟಿಸುತ್ತದೆ. 2005ರಲ್ಲಿ ಟ್ಜಿಮಾ ಮತ್ತು ಸಂಗಡಿಗರು ಇದನ್ನು ಬಿಡಿಸಿದರು.

ಈಗ ಉರಿಯೂತ. ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಜೋಡಿಯಿದೆ. ಮಾಮೂಲಿ ಹೊತ್ತಿನಲ್ಲಿ ಇನ್ನೊಂದು ಪ್ರೋಟೀನು ಇದನ್ನು ಕೋಶದ ಕೇಂದ್ರದ (ನ್ಯೂಕ್ಲಿಯಸ್) ಹೊರಗೇ ಹಿಡಿದಿಟ್ಟಿರುತ್ತದೆ. ಸಂಕೇತ ಬಂದರೆ ಆ ಹಿಡಿದವನಿಗೆ ಫಾಸ್ಫೇಟಿನ ಗುರುತು ಬೀಳುತ್ತದೆ, ಕೋಶವೇ ಅದನ್ನು ಅರೆದುಹಾಕುತ್ತದೆ, ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ಆಮೇಲೆ ಕೋಶದ ಮೈಮೇಲೆ ಇ-ಸೆಲೆಕ್ಟಿನ್, ವಿಕ್ಯಾಮ್-1, ಐಕ್ಯಾಮ್-1 ಎಂಬ ಅಂಟು ಪ್ರೋಟೀನುಗಳು ಮೂಡುತ್ತವೆ, ರಕ್ತದಲ್ಲಿ ಉರುಳಿಕೊಂಡು ಹೋಗುವ ಮಾನೊಸೈಟ್ ಎಂಬ ಬಿಳಿಕಣ ಅವುಗಳಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಎಂಸಿಪಿ-1 ಎಂಬ ರಾಸಾಯನಿಕ ಹೊರಬಿದ್ದು ಅದನ್ನು ಗೋಡೆಯೊಳಗೆ ಸೆಳೆಯುತ್ತದೆ. ಒಳಗೆ ಹೋದ ಮಾನೊಸೈಟ್ ಅಲ್ಲಿ ಸಿಕ್ಕಿಕೊಂಡಿರುವ ಎಲ್‌ಡಿಎಲ್ ನುಂಗಿ ಕೊಬ್ಬು ತುಂಬಿದ ಕೋಶವಾಗಿ ಅಲ್ಲೇ ಉಳಿಯುತ್ತದೆ. ಸೋಂಕು ಬಂದಾಗ ದೇಹ ಬಳಸುವ ದಾರಿಯೇ ಇದು. ತುಂಗಾತೀರ ಅವರು ಕೇಳಿದ 'ಎಲ್ಲಿಂದ ಬಂತು' ಅನ್ನುವುದಕ್ಕೆ ಉತ್ತರ ಇಲ್ಲಿದೆ: ರೋಗಾಣು ಒತ್ತಬೇಕಿದ್ದ ಗುಂಡಿಯನ್ನು ದಿಕ್ಕು ಕೆಟ್ಟ ಹರಿವು ಒತ್ತಿತು. ಪಿಕ್ಯಾಮ್-1 ಇಲ್ಲದ ಇಲಿಗಳಲ್ಲಿ ಹರಿವು ಕೆಟ್ಟ ಜಾಗಗಳಲ್ಲೂ ಎನ್‌ಎಫ್-ಕಪ್ಪಾ-ಬಿ ಚುರುಕಾಗುವುದಿಲ್ಲ. ಹಾಗಾಗಿ ಇದು ಬರೀ ಊಹೆಯಲ್ಲ.

ಎದುರು ಪಕ್ಷವೂ ಇದೆ, ಅದನ್ನು ಜನ ಮರೆಯುತ್ತಾರೆ. ಒಂದೇ ದಿಕ್ಕಿನ ಹರಿವು ನಿರಂತರವಾಗಿ ಸಿಕ್ಕರೆ ಕೋಶ ಕೆಎಲ್‌ಎಫ್2, ಕೆಎಲ್‌ಎಫ್4 ಎಂಬ ನಿಯಂತ್ರಕಗಳನ್ನು ಏರಿಸುತ್ತದೆ. ಇವು ಎನ್‌ಎಫ್-ಕಪ್ಪಾ-ಬಿಯನ್ನು ತಗ್ಗಿಸುತ್ತವೆ, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತವೆ. ಒಳಪದರವೇ ನಾಳವನ್ನು ಸಡಿಲಿಸುತ್ತದೆ ಎಂದು 1980ರಲ್ಲಿ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡಿನಲ್ಲಿ ತೋರಿಸಿದರಲ್ಲ, ಆ ವಸ್ತು ಇದೇ, 1998ರ ನೊಬೆಲ್ ಇದಕ್ಕೇ. ಆದ್ದರಿಂದ ಒಳ್ಳೆಯ ಜಾಗದಲ್ಲಿ ಉರಿಯೂತ ಇಲ್ಲದಿರುವುದು ತಾನಾಗಿ ಇರುವ ಸ್ಥಿತಿಯಲ್ಲ. ಪ್ರತಿ ಬಡಿತವೂ ಅದನ್ನು ಕಾಯುತ್ತಿರುತ್ತದೆ.

ಕಾಫಿಗಿಡ

ಓದುತ್ತ ಓದುತ್ತ ನನಗೆ ಒಂದು ಆತಂಕ. "ಕೊಲೆಸ್ಟ್ರಾಲ್ ತಪ್ಪಿಲ್ಲ, ಎಲ್ಲ ಉರಿಯೂತದಿಂದ, ಸ್ಟಾಟಿನ್ ಮಾತ್ರೆ ಬೇಡ" ಎಂಬ ವಾಟ್ಸಾಪ್ ಸಂದೇಶ ನಮ್ಮ ಬಳಗದಲ್ಲಿ ಸುತ್ತುತ್ತಿದೆ, ಅದನ್ನು ನಂಬಿ ಕೊಲೆಸ್ಟ್ರಾಲ್ ಇಳಿಸುವ ಆ ಮಾತ್ರೆ ಬಿಟ್ಟವರೂ ಇದ್ದಾರೆ. ನೀವು ಹೇಳುತ್ತಿರುವುದನ್ನೂ ಅವರು ಹಾಗೇ ಓದಿಕೊಳ್ಳುವುದಿಲ್ಲವೇ?

ವಾರ್ಡ್‌ರೌಂಡ್

ಕಾಫಿಗಿಡ ಅವರು ಕೇಳಿದ್ದು ಒಳ್ಳೆಯದಾಯಿತು. ನಾನು ಫಿಸಿಶಿಯನ್. ಆ ಸಂದೇಶ ಜನರ ಜೀವ ತೆಗೆಯುವಂಥದ್ದು, ನಯವಾಗಿ ಹೇಳಲು ನನಗೆ ಮನಸ್ಸಿಲ್ಲ.

ಹರಿವು ತೀರ್ಮಾನಿಸುವುದು ಜಾಗವನ್ನು. ಅಲ್ಲಿ ರೋಗ ಬೆಳೆಯುತ್ತದೋ ಇಲ್ಲವೋ, ಬೆಳೆದರೆ ಎಷ್ಟು ಬೇಗ ಅನ್ನುವುದನ್ನು ತೀರ್ಮಾನಿಸುವುದು ಎಲ್‌ಡಿಎಲ್, ಬಿಪಿ, ಸಕ್ಕರೆ, ತಂಬಾಕು, ವಯಸ್ಸು. ಕವಲು ಹುಟ್ಟಿದ ಮಗುವಿಗೂ ಇದೆ. 2000ದಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ ಹರಿವು ಕೆಟ್ಟ ಜಾಗದ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಹೆಚ್ಚಾಗಿ ಶೇಖರವಾಗಿತ್ತು, ಆದರೆ ಬಹುಪಾಲು ಕೋಶಗಳಲ್ಲಿ ಕೇಂದ್ರದೊಳಗೆ ಹೋಗಿರಲಿಲ್ಲ. ಕೊಲೆಸ್ಟ್ರಾಲ್ ಏರಿಸಿದಾಗ, ಇಲ್ಲವೇ ಬ್ಯಾಕ್ಟೀರಿಯಾದ ವಿಷ ಕೊಟ್ಟಾಗ, ಅದೇ ಜಾಗದಲ್ಲಿ ಅದು ಎದ್ದಿತು. ಸಜ್ಜಾಗಿ ಕಾದಿರುವ ಸ್ಥಿತಿ ಬೇರೆ, ರೋಗ ಬೇರೆ.

ಇನ್ನೊಂದು ಪ್ರಯೋಗ ಈ ಚರ್ಚೆಯ ಶೀರ್ಷಿಕೆಗೇ ಉತ್ತರ. 2009ರಲ್ಲಿ ಹಾಂಜೂಂಗ್ ಜೋ ಅವರ ತಂಡ ಇಲಿಯ ಎಡ ಕ್ಯಾರೋಟಿಡ್‌ನ ನಾಲ್ಕು ಕವಲುಗಳಲ್ಲಿ ಮೂರನ್ನು ಕಟ್ಟಿತು. ಎಡಗಡೆಯ ಹರಿವು ತಗ್ಗಿತು, ಹಿಂದೆಮುಂದೆ ಆಯಿತು. ಕೊಲೆಸ್ಟ್ರಾಲ್ ಏರುವ ತಳಿಯ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟಾಗ ಎರಡೇ ವಾರದಲ್ಲಿ ಎಡಗಡೆ ಪ್ಲಾಕ್ ಬಂತು. ಮುಟ್ಟದ ಬಲಗಡೆ ಬರಲಿಲ್ಲ. ಅದೇ ಇಲಿ, ಅದೇ ರಕ್ತ, ಅದೇ ಕೊಲೆಸ್ಟ್ರಾಲ್. ಕೆಟ್ಟ ಹರಿವು, ಕೊಲೆಸ್ಟ್ರಾಲ್ ಎರಡೂ ಕೂಡಬೇಕು.

ಹರಿವು ಕೆಟ್ಟ ಜಾಗವನ್ನು ಬದಲಿಸಲು ನಮ್ಮ ಕೈಲಾಗುವುದಿಲ್ಲ, ಎಲ್‌ಡಿಎಲ್ ಇಳಿಸಲು ಆಗುತ್ತದೆ. ಅದೂ ಅಲ್ಲದೆ ಸ್ಟಾಟಿನ್ ಕೊಟ್ಟರೆ, ಪೆಟ್ರಿಡಿಶ್ ಹೇಳಿದ ಕೆಎಲ್‌ಎಫ್2 ಬೆಳೆಸಿದ ಕೋಶಗಳಲ್ಲಿ ಏರುತ್ತದೆ ಎಂದು ಪ್ರಯೋಗಗಳಿವೆ. ಉರಿಯೂತದ ಮಾತನ್ನು ಸ್ಟಾಟಿನ್ ವಿರುದ್ಧ ಬಳಸುವುದು ಆ ಶಾಸ್ತ್ರಕ್ಕೇ ತಿರುಗುಬಾಣ. ಮಾತ್ರೆಯಿಂದ ಮೈಕೈ ನೋವೋ ಇನ್ನೇನೋ ಇದ್ದರೆ ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ, ಪ್ರಮಾಣ ಬದಲಿಸಬಹುದು. ತಾವಾಗಿ ಬಿಡಬೇಡಿ.

ನವಿಲುತೀರ್ಥ

ನಾ ಧಾರವಾಡ ಕಡೀಯವ್ರಿ, ಡಯಾಲಿಸಿಸ್ ಯುನಿಟ್‌ನ್ಯಾಗ ಟೆಕ್ನಿಷಿಯನ್. ನೀವೆಲ್ಲಾ ಇಲಿ ಬಗ್ಗೆ ಹೇಳಾಕತ್ತೀರಿ, ಇದನ್ನ ದಿನಾ ಮನಶ್ಯಾರ ಕೈಮ್ಯಾಗ ನೋಡೋರು ನಾವು.

ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡ್ತಾರಲ್ರಿ, ಮಣಿಕಟ್ಟಿನ್ಯಾಗ ಅಪಧಮನಿಗೆ ಅಭಿಧಮನಿ ಜೋಡಸೋದು. 1966ರಾಗ ಬ್ರೆಶಿಯಾ, ಚಿಮಿನೊ ಮತ್ತ ಅವರ ಜೋಡೀದಾರರು ಬರದು ಹಾಕಿದ್ದು. ಮೊದಲ ಮಣಿಕಟ್ಟಿನ ಅಪಧಮನ್ಯಾಗ ನಿಮಿಷಕ್ಕ 20-30 ಮಿಲಿಲೀಟರ್ ಹರೀತಿರತೈತಿ. ಜೋಡಿಸಿದ ಮ್ಯಾಲೆ ಅದು ನೂರಾರು ಆಗ್ತೈತಿ. ನಾವು ನೋಡೋ ಲೆಕ್ಕ ಆರರದ್ದು: ಆರು ವಾರದಾಗ ನರ (ಆ ಅಭಿಧಮನಿ) ಆರು ಮಿಲಿಮೀಟರ್ ಅಗಲ ಆಗಬೇಕು, ತೊಗಲಿಂದ ಆರು ಮಿಲಿಮೀಟರ್‌ಕಿಂತ ಆಳ ಇರಬಾರದು, ನಿಮಿಷಕ್ಕ 600 ಮಿಲಿಲೀಟರ್ ಹರೀಬೇಕು. ನರ ಹಿಗ್ಗೋದು, ಗ್ವಾಡಿ ದಪ್ಪ ಆಗೋದು, ಎಲ್ಲಾ ಈ ಬಲದಿಂದನ. ಅಂಗೈ ಇಟ್ಟರ ಝುಂ ಅಂತೈತಿ, ಥ್ರಿಲ್ ಅಂತೀವಿ. ಮಂದಿಗೆ ಮೊದಲನೇ ದಿನಾನ ಕಲಿಸಿಕೊಡ್ತೀವಿ: ಮುಂಜಾನೆ ಎದ್ದ ಕೂಡಲೇ ಕೈ ಇಟ್ಟು ನೋಡ್ರಿ, ಝುಂ ಅನ್ನೋದು ನಿಂತರ ತಡಾ ಮಾಡಬ್ಯಾಡ್ರಿ, ಫೋನ್ ಮಾಡ್ರಿ.

ಆದರ ಎಷ್ಟೋ ಮಂದೀದು ಫೇಲ್ ಆಗ್ತೈತಿ. ಎಲ್ಲಿ ಕಿರಿದಾಗ್ತೈತಿ ಅಂದ್ರ, ಬಾಳ ಸಲ ಜೋಡಿಸಿದ ಜಾಗಾದಿಂದ ಒಂದೆರಡ ಸೆಂಟಿಮೀಟರ್ ಮುಂದ, ನರ ಬಾಗೋ ಕಡೆ. ಸೂಜಿ ಚುಚ್ಚಿದ ಕಡೆ ಆದರ ತಿಳೀತೈತಿ, ಇಲ್ಲಿ ನಾವು ಚುಚ್ಚೂದ ಇಲ್ಲ. ಇದೂ ನೀವು ಹೇಳೋ ಹರಿವಿನ ಆಟಾನ ಏನ್ರಿ?

ದ್ರವಗತಿ

ನವಿಲುತೀರ್ಥ ಅವರೇ, ಹೌದು, ಅದೇ. ಅಪಧಮನಿಯಿಂದ ಬರುವ ಜೋರು ಧಾರೆ ತಟ್ಟನೆ ತಿರುಗಿ ಅಗಲವಾದ ನಾಳಕ್ಕೆ ಬೀಳುತ್ತದೆ. ತಿರುವಿನ ಒಳಬದಿಯಲ್ಲಿ ಹರಿವು ಗೋಡೆ ಬಿಟ್ಟು ಸುಳಿಯಾಗುತ್ತದೆ. ನೀವು ಕೈಯಲ್ಲಿ ಹಿಡಿಯುವ ಝುಂ ಅನ್ನುವ ಕಂಪನವೇ ಹರಿವು ನಯವಾಗಿಲ್ಲ ಎಂಬುದರ ಗುರುತು. ಫಿಸ್ಟುಲಾ ಕೆಲಸ ಮಾಡುತ್ತಿದೆ ಅನ್ನುವುದಕ್ಕೂ ಅದೇ ಸಾಕ್ಷಿ, ಅದಕ್ಕೆ ಕುತ್ತಾಗುವುದೂ ಅದರ ಹಿಂದಿನ ಹರಿವೇ. ಇದು ನಿಜವಾಗಿಯೂ ಕಷ್ಟದ ಸಮಸ್ಯೆ, ಯಾಕೆಂದರೆ ಹರಿವು ಹೆಚ್ಚಾಗದಿದ್ದರೆ ನರ ಹಿಗ್ಗುವುದೇ ಇಲ್ಲ.

ನರ ಯಾಕೆ ಹಿಗ್ಗುತ್ತದೆ ಅನ್ನುವುದಕ್ಕೂ ಒಂದು ಸೊಗಸಾದ ಲೆಕ್ಕವಿದೆ. ಹರಿವು ಅಷ್ಟೇ ಇದ್ದರೆ ಶಿಯರ್ ತ್ರಿಜ್ಯದ ಘನಕ್ಕೆ ವಿಲೋಮ. ನಾಳದ ಅಗಲ ಅರ್ಧವಾದರೆ ಶಿಯರ್ ಎಂಟು ಪಟ್ಟು, ಇಮ್ಮಡಿಯಾದರೆ ಎಂಟರಲ್ಲಿ ಒಂದು ಪಾಲು. ಕೋಶ ತನಗೆ ಒಗ್ಗುವ ಶಿಯರ್ ಬರುವ ತನಕ ನಾಳವನ್ನು ಹಿಗ್ಗಿಸುತ್ತಲೋ ಕುಗ್ಗಿಸುತ್ತಲೋ ಹೋಗುತ್ತದೆ. ಘನದ ಲೆಕ್ಕವಾದ್ದರಿಂದ ಸ್ವಲ್ಪ ಅಗಲ ಬದಲಿಸಿದರೂ ಬಲ ತುಂಬ ಬದಲಾಗುತ್ತದೆ.

ಪೆಟ್ರಿಡಿಶ್

ಬೈಪಾಸ್ ಕೂಡ ಇದೇ ಪಾಠದ ಇನ್ನೊಂದು ಅಧ್ಯಾಯ. ಕಾಲಿನ ಸಫೀನಸ್ ಅಭಿಧಮನಿಯ ತುಂಡು ತೆಗೆದು ಹೃದಯಕ್ಕೆ ಹಾಕುವುದನ್ನು 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೊರೊ ರೂಢಿಗೆ ತಂದರು. ಆ ನರ ಅಲ್ಲಿಯ ತನಕ ಅಭಿಧಮನಿಯ ಕಡಿಮೆ ಒತ್ತಡಕ್ಕೆ, 0.1ರಿಂದ 0.6 ಪಾಸ್ಕಲ್ ಶಿಯರ್‌ಗೆ ಒಗ್ಗಿದ್ದು. ಆಪರೇಷನ್ ಮುಗಿದು ಕ್ಲಾಂಪ್ ಬಿಟ್ಟ ಕ್ಷಣವೇ ಅಪಧಮನಿಯ ಒತ್ತಡ, ಅಪಧಮನಿಯ ಎಳೆತ. ಅಪಧಮನಿ ಬಡಿತಕ್ಕೆ ನೂರಕ್ಕೆ 5ರಿಂದ 10ರಷ್ಟು ಹಿಗ್ಗುವುದು ಸಹಜ. ತಟ್ಟೆಯಲ್ಲಿ ಅದನ್ನು 15-20ಕ್ಕೆ ಏರಿಸಿದರೆ ಕೋಶಗಳು ಉರಿಯೂತದ ಕಡೆ ತಿರುಗುತ್ತವೆ. ಹಠಾತ್ ಎಳೆತ ನರದ ಒಳಪದರಕ್ಕೂ ಸ್ನಾಯುಪದರಕ್ಕೂ ಅದನ್ನೇ ಮಾಡುತ್ತದೆ, ಒಳಗೋಡೆ ದಪ್ಪವಾಗುತ್ತ ಹೋಗುತ್ತದೆ.

ಎದೆಯ ಒಳಗಿನ ಮ್ಯಾಮರಿ ಅಪಧಮನಿ, ಡಾಕ್ಟರು 'ಲಿಮಾ' ಅನ್ನುವುದು, ಹುಟ್ಟಿನಿಂದಲೇ ಅಪಧಮನಿ. ಅದು ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ತೆರೆದೇ ಇರುತ್ತದೆ, ಕಾಲಿನ ನರ ಸುಮಾರು ಅರ್ಧದಷ್ಟು ಮಾತ್ರ.

ಬಯಲುಸೀಮೆ

ಸರಿ, ಹೂಳಿನ ಮಾತು ಬಿಟ್ಟೆ. ಈಗ ನನಗೆ ಅರ್ಥವಾಗಿರುವುದು: ನೇರ ಹರಿವು ಒಳ್ಳೆಯದು, ತಿರುಗುಮುರುಗು ಹರಿವು ಕೆಟ್ಟದ್ದು. ಇಷ್ಟೇ ತಾನೇ?

ಪೆಟ್ರಿಡಿಶ್

ಇಷ್ಟೇ ಆಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ. ನಾಲ್ಕು ತೊಡಕುಗಳನ್ನು ಹೇಳುತ್ತೇನೆ, ಇವನ್ನು ಬಿಟ್ಟರೆ ಚಿತ್ರ ಸುಳ್ಳಾಗುತ್ತದೆ.

ಸುಮ್ಮನಿದ್ದ ಕೋಶದ ಮೇಲೆ ನೇರ ಹರಿವನ್ನೇ ಹಠಾತ್ತನೆ ಶುರುಮಾಡಿದರೂ ಎನ್‌ಎಫ್-ಕಪ್ಪಾ-ಬಿ ಏಳುತ್ತದೆ, ಎಂಸಿಪಿ-1 ಏರುತ್ತದೆ. ಕೆಲವು ಗಂಟೆಗಳಲ್ಲಿ ತಾನಾಗಿ ಇಳಿದು, ಆಮೇಲೆ ಮೊದಲಿಗಿಂತಲೂ ಶಾಂತವಾಗುತ್ತದೆ. ಅಂದರೆ ಕೋಶ ಎಚ್ಚೆತ್ತುಕೊಳ್ಳುವುದು ಬದಲಾವಣೆಗೆ. ನೇರ ಹರಿವಿಗೆ ಅದು ಹೊಂದಿಕೊಂಡು ಬಿಡಬಲ್ಲದು. ದಿಕ್ಕು ಬದಲಿಸುತ್ತಲೇ ಇರುವ ಹರಿವಿಗೆ ಹೊಂದಿಕೊಳ್ಳಲು ಆಗುವುದೇ ಇಲ್ಲ, ಎಚ್ಚರ ಮುಗಿಯುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಆಳವಾದ ಮಾತು ಇದು.

ಎರಡನೆಯದು, ಪಿಯೆಜೊ1 ಎರಡೂ ಕಡೆ ಇದೆ. 2018ರ ಅಧ್ಯಯನವೊಂದರಲ್ಲಿ, ನೇರ ಹರಿವಿನಲ್ಲಿ ಅದು ನೈಟ್ರಿಕ್ ಆಕ್ಸೈಡ್ ದಾರಿಯನ್ನು ತೆರೆಯಿತು, ಕೆಟ್ಟ ಹರಿವಿನಲ್ಲಿ ಅದೇ ಪಿಯೆಜೊ1 ಉರಿಯೂತದ ದಾರಿಯನ್ನು ತೆರೆಯಿತು. ವ್ಯತ್ಯಾಸ ಮಾಡಿದ್ದು ಕೆಳಗಿನ ಇಂಟೆಗ್ರಿನ್: ಅದು ಕೆಟ್ಟ ಹರಿವಿನಲ್ಲಿ ಮಾತ್ರ ಚುರುಕಾಯಿತು. ಹಾಗಾಗಿ 'ಪಿಯೆಜೊ1 ತಡೆಯುವ ಔಷಧ' ಎಂದು ಯಾರಾದರೂ ಹೇಳಿದರೆ ಯಾವ ದಾರಿಯನ್ನು ಎಂದು ಕೇಳಿ.

ಮೂರನೆಯದು ಕೋಶ ಕೂತ ಜಾಲರಿ. 2005ರಲ್ಲಿ ಓರ್ ಮತ್ತು ಸಂಗಡಿಗರು ಒಂದೇ ಹರಿವನ್ನು ಎರಡು ಬಗೆಯ ಬುಡದ ಮೇಲಿನ ಕೋಶಗಳಿಗೆ ಕೊಟ್ಟರು. ಕೊಲಾಜನ್ ಮೇಲಿದ್ದವು ಎನ್‌ಎಫ್-ಕಪ್ಪಾ-ಬಿ ಎಬ್ಬಿಸಲಿಲ್ಲ, ಫೈಬ್ರೊನೆಕ್ಟಿನ್ ಮೇಲಿದ್ದವು ಎಬ್ಬಿಸಿದವು. ಹರಿವು ಕೆಟ್ಟ ಜಾಗಗಳಲ್ಲಿ ಫೈಬ್ರೊನೆಕ್ಟಿನ್ ಶೇಖರವಾಗುತ್ತದೆ, ಹಾಗಾಗಿ ಒಂದು ಇನ್ನೊಂದನ್ನು ಬೆಳೆಸುತ್ತದೆ.

ನಾಲ್ಕನೆಯದು ಬಯಲುಸೀಮೆಯವರಿಗೆ ವಿಶೇಷವಾಗಿ. ದುಗ್ಧನಾಳಗಳಲ್ಲಿ ಕವಾಟ ಹುಟ್ಟುವುದೇ ಹಿಂದೆಮುಂದೆ ಆಡುವ ಹರಿವಿನ ಸಂಕೇತದಿಂದ. ಅಲ್ಲಿ ಅದೇ ಬೇಕಾದದ್ದು. ಇನ್ನು ಮೆದುಳಿನ ಬುಡದ ನಾಳಗಳ ಕವಲಿನ ತುದಿಯಲ್ಲಿ ಅನ್ಯೂರಿಸಂ (ನಾಳದ ಗೋಡೆ ಬಲೂನಿನಂತೆ ಉಬ್ಬುವುದು) ಶುರುವಾಗುವುದು ಧಾರೆ ನೇರ ಬಡಿಯುವ, ಶಿಯರ್ ತೀರಾ ಹೆಚ್ಚಿರುವ ಕಡೆ. ಅಲ್ಲೂ ಎನ್‌ಎಫ್-ಕಪ್ಪಾ-ಬಿ, ಅಲ್ಲೂ ಎಂಸಿಪಿ-1. ಕಡಿಮೆ ಶಿಯರ್ ಕೆಟ್ಟದ್ದು ಅನ್ನುವುದು ಪ್ಲಾಕ್ ಮಟ್ಟಿಗಿನ ನಿಯಮ, ಎಲ್ಲ ನಾಳಗಳಿಗೂ ಅಲ್ಲ.

ಕಾಫಿಗಿಡ

ಹಾಗಾದರೆ ಉರಿಯೂತವನ್ನೇ ನೇರ ತಗ್ಗಿಸುವ ಔಷಧ ಇಲ್ಲವೇ? ಮತ್ತೆ ನಡಿಗೆ, ವ್ಯಾಯಾಮ ಇದರಲ್ಲಿ ಎಲ್ಲಿ ಬರುತ್ತದೆ?

ವಾರ್ಡ್‌ರೌಂಡ್

ಔಷಧ ಮೊದಲು. 2017ರ ಕ್ಯಾಂಟೋಸ್ ಪ್ರಯೋಗ ಇದಕ್ಕೆ ದೊಡ್ಡ ಸಾಕ್ಷಿ. ಹಿಂದೆ ಹೃದಯಾಘಾತವಾದ, ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಸೂಚಕ) 2ಕ್ಕಿಂತ ಕೆಳಗಿಳಿಯದ 10,061 ಮಂದಿ. ಉರಿಯೂತ ಹಬ್ಬಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂಕೇತವನ್ನು ತಡೆಯುವ ಕನಾಕಿನುಮಾಬ್ ಚುಚ್ಚುಮದ್ದು. ಎಲ್‌ಡಿಎಲ್ ಇಳಿಯದಿದ್ದರೂ, 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಸೇರಿ ನೂರಕ್ಕೆ 15 ತಗ್ಗಿದವು. ಆದರೆ ಸಾವು ತರುವ ಸೋಂಕು ಹೆಚ್ಚಿತು, ಬೆಲೆಯೂ ವಿಪರೀತ. ಹಾಗಾಗಿ ಹೃದಯಕ್ಕೆಂದು ಅದು ಬಳಕೆಗೆ ಬರಲಿಲ್ಲ. ಉರಿಯೂತ ತಗ್ಗಿಸುವ ಇನ್ನೊಂದು ಔಷಧ ಮೆಥೋಟ್ರೆಕ್ಸೇಟ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಆಮೇಲೆ ಬಂದದ್ದು ಗೌಟಿಗೆ ಕೊಡುವ ಹಳೆಯ ಮಾತ್ರೆ ಕಾಲ್ಚಿಸಿನ್. 2019ರಲ್ಲಿ, 2020ರಲ್ಲಿ ಎರಡು ಪ್ರಯೋಗಗಳು ಒಳ್ಳೆಯ ಫಲ ತೋರಿಸಿದವು, 2023ರಲ್ಲಿ ಅಮೆರಿಕದಲ್ಲಿ 0.5 ಮಿಲಿಗ್ರಾಂ ಮಾತ್ರೆಗೆ ಹೃದಯಕ್ಕಾಗಿಯೇ ಒಪ್ಪಿಗೆ ಸಿಕ್ಕಿತು. 2024ರಲ್ಲಿ ಹೃದಯಾಘಾತವಾದ 7,000ಕ್ಕೂ ಹೆಚ್ಚು ಮಂದಿಯ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕಿಡ್ನಿ ತೊಂದರೆ ಇದ್ದವರಿಗೆ, ಕ್ಲಾರಿತ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಜೊತೆಗೆ, ಇದು ಅಪಾಯ. ಔಷಧಿ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ.

ಮುಖ್ಯವಾದ ಮಾತೆಂದರೆ ಇವು ಯಾವುವೂ ಹರಿವನ್ನು ಮುಟ್ಟುವುದಿಲ್ಲ. ಹರಿವನ್ನು ಮುಟ್ಟುವುದು ವ್ಯಾಯಾಮ ಒಂದೇ. ಸುಮ್ಮನಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ತಳ್ಳುತ್ತದೆ, ಜೋರಾಗಿ ದುಡಿಯುವಾಗ ಆರೋಗ್ಯವಂತರಲ್ಲಿ ಅದು 20 ಲೀಟರ್ ಆಗಬಹುದು. ಒಂದೇ ದಿಕ್ಕಿನ ಶಿಯರ್ ಏರುತ್ತದೆ, ನೈಟ್ರಿಕ್ ಆಕ್ಸೈಡ್ ಏರುತ್ತದೆ.

ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು 2016ರ ಒಂದು ಸಣ್ಣ ಪ್ರಯೋಗ. ಯುವಕರನ್ನು ಮೂರು ಗಂಟೆ ಕುರ್ಚಿಯಲ್ಲಿ ಕೂರಿಸಿದರು. ಒಂದು ಕಾಲು ಅಲ್ಲಾಡಕೂಡದು, ಇನ್ನೊಂದು ಕಾಲನ್ನು ಪ್ರತಿ ಐದು ನಿಮಿಷದಲ್ಲಿ ಒಂದು ನಿಮಿಷ ಆಡಿಸಬೇಕು. ಕೊನೆಗೆ ಮಂಡಿಯ ಹಿಂದಿನ ಅಪಧಮನಿ ಹರಿವಿಗೆ ಹಿಗ್ಗುವ ಶಕ್ತಿಯನ್ನು ಅಳೆದರು. ಅಲ್ಲಾಡದ ಕಾಲಲ್ಲಿ ಅದು ಕುಗ್ಗಿತ್ತು, ಆಡಿಸಿದ ಕಾಲಲ್ಲಿ ಕುಗ್ಗಿರಲಿಲ್ಲ. ಕೂತಲ್ಲಿ ಕಾಲು ಅಲ್ಲಾಡಿಸಬೇಡ, ದರಿದ್ರ ಎಂದು ಬೈಸಿಕೊಂಡೇ ಬೆಳೆದವರು ನಾವು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ನಾನೀಗ ಅಲ್ಲಾಡಿಸಿ ಎಂದೇ ಹೇಳುತ್ತೇನೆ, ಎದ್ದು ನಡೆಯಲು ಆದರೆ ಇನ್ನೂ ಒಳ್ಳೆಯದು.

ತುಂಗಾತೀರ

ದ್ರವಗತಿಯವರೇ, ಪ್ರತಿಯೊಬ್ಬರ ಕವಲಿನ ಆಕಾರ ಬೇರೆ ಬೇರೆ ಇರುತ್ತದಲ್ಲ. ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹರಿವಿನ ಲೆಕ್ಕ ಹಾಕಿ, ಮುಂದೆ ಎಲ್ಲಿ ಪ್ಲಾಕ್ ಬರುತ್ತದೆ ಎಂದು ಹೇಳಲಾಗದೇ?

ದ್ರವಗತಿ

ಲೆಕ್ಕ ಹಾಕಬಹುದು, ಹಾಕುತ್ತಲೂ ಇದ್ದೇವೆ. ಜಪಾನಿನ 506 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಿಡಿಕ್ಷನ್ ಎಂಬ ಅಧ್ಯಯನ ಹೃದಯದ ನಾಳಗಳಲ್ಲಿ ಇದನ್ನೇ ಮಾಡಿತು. ಪ್ಲಾಕ್ ಈಗಾಗಲೇ ದಪ್ಪ ಇದ್ದು, ಅಲ್ಲಿ ಶಿಯರ್ ಕಡಿಮೆಯೂ ಇದ್ದರೆ, ಅದು ಬೆಳೆದು ನಾಳ ಕಿರಿದಾಗುವ ಸಂಭವ ಹೆಚ್ಚು ಎಂದು ತೋರಿಸಿತು. ಆದರೆ 'ಇಲ್ಲಿ ಆಗುತ್ತದೆ' ಎಂದು ಗುರುತಿಸಿದ ಜಾಗಗಳಲ್ಲಿ ನಿಜವಾಗಿ ಆದದ್ದು ನೂರಕ್ಕೆ 41. ಸಂಶೋಧನೆಗೆ ಇದು ದೊಡ್ಡ ಸಂಗತಿ. ಒಬ್ಬ ರೋಗಿಯ ಎದುರು ಕೂತು 'ನಿಮಗೆ ಇಲ್ಲಿ ಸ್ಟೆಂಟ್ ಹಾಕೋಣ' ಎನ್ನಲು ಸಾಲದು. ಕತ್ತಿನ ಕವಲಿಗೂ ಸದ್ಯಕ್ಕೆ ಅದೇ ಪರಿಸ್ಥಿತಿ.

ನವಿಲುತೀರ್ಥ

ಹಂಗಾರ ಜೋಡಸೋ ರೀತಿ ಸುಧಾರಿಸಿದರ ಹೆಂಗ್ರಿ? ಬೈಪಾಸ್ ಮಾಡೋವಾಗ ನರಕ್ಕ ಹೊರಗಿಂದ ಏನರ ಆಧಾರ ಕೊಟ್ರ ಅಷ್ಟು ಹಿಗ್ಗಂಗಿಲ್ಲಲ್ಲ?

ವಾರ್ಡ್‌ರೌಂಡ್

ಸರಿಯಾದ ದಿಕ್ಕಿನ ಯೋಚನೆ. ನರದ ಸುತ್ತ ಲೋಹದ ಜಾಲರಿ ತೊಡಿಸಿ ನೋಡಿದ್ದಾರೆ. ಅಮೆರಿಕ, ಕೆನಡಾಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಒಂದು ವರ್ಷದ ನಂತರ ಸ್ಪಷ್ಟ ಲಾಭ ಕಾಣಲಿಲ್ಲ.

ಇನ್ನೊಂದು ವಿಧಾನ ಸ್ವೀಡನ್ನಿನ ಓರೆಬ್ರೋದಿಂದ ಬಂದದ್ದು. ಕಾಲಿನ ನರವನ್ನು ಸುತ್ತಲ ಕೊಬ್ಬಿನ ಪದರದ ಸಮೇತ, ಹಿಗ್ಗಿಸದೆ, ಆದಷ್ಟು ಮುಟ್ಟದೆ ತೆಗೆಯುವುದು. ಕೊಬ್ಬೇ ಹೊರಗಿನ ಆಧಾರ, ಒಳಪದರವೂ ಹಾಳಾಗುವುದಿಲ್ಲ. ಅವರ ಚಿಕ್ಕ ಪ್ರಯೋಗದಲ್ಲಿ 16 ವರ್ಷಗಳ ನಂತರ ಹೀಗೆ ತೆಗೆದ ನರಗಳಲ್ಲಿ ನೂರಕ್ಕೆ 83 ತೆರೆದಿದ್ದವು, ಮಾಮೂಲಿ ರೀತಿಯವು 64. ಮ್ಯಾಮರಿ ಅಪಧಮನಿ 88. ನಾನು ಇದನ್ನು ಓದಿದಾಗ ಸಮಸ್ಯೆ ಬಗೆಹರಿಯಿತು ಅನ್ನಿಸಿತ್ತು. ಚೀನಾದ 2,600ಕ್ಕೂ ಹೆಚ್ಚು ಮಂದಿಯ ಪ್ರಯೋಗವೂ ಒಂದು ವರ್ಷದ ಮಟ್ಟಿಗೆ ಇದನ್ನೇ ಹೇಳಿತು. ಆದರೆ 2024ರಲ್ಲಿ ಸ್ವೀಡನ್ನಿನದೇ ದೊಡ್ಡ ಪ್ರಯೋಗದಲ್ಲಿ ಎರಡು ವರ್ಷಕ್ಕೆ ವ್ಯತ್ಯಾಸ ಕಾಣಲಿಲ್ಲ, ಕಾಲಿನ ಗಾಯದ ತೊಂದರೆ ಮಾತ್ರ ಹೆಚ್ಚಾಯಿತು.

ನವಿಲುತೀರ್ಥ

ಕಾಲಿನ ಗಾಯ ಅಂದ್ರ ಸಣ್ಣ ಮಾತಲ್ರಿ. ನಮ್ಮ ಯುನಿಟ್‌ಗೆ ಬರೋರಾಗ ಶುಗರ್ ಇದ್ದೋರ ಬಾಳ, ಅವರಿಗೆ ಕಾಲಿನ ಗಾಯ ಒಂದ್ಸಲ ಬಲಿತಂದ್ರ ತಿಂಗಳಾನುಗಟ್ಟಲೆ ಮಾಯಂಗಿಲ್ಲ. ಅಂಥೋರಿಗೆ ಈ ರೀತಿ ತಗೀಬೇಕೋ ಬ್ಯಾಡೋ ಅನ್ನೋದು ಮೊದಲ ಕೇಳಬೇಕಾದ ಪ್ರಶ್ನೆ.

ವಾರ್ಡ್‌ರೌಂಡ್

ಪೂರ್ತಿ ಒಪ್ಪುತ್ತೇನೆ. ಸಕ್ಕರೆ ಕಾಯಿಲೆ ಇದ್ದು, ಕಾಲಿನ ರಕ್ತಸಂಚಾರವೂ ಕಡಿಮೆ ಇದ್ದವರಲ್ಲಿ ನಾನಾದರೆ ಸರ್ಜನ್ ಹತ್ತಿರ ಎರಡು ವಿಷಯ ಕೇಳುತ್ತೇನೆ: ಅದೇ ಆಪರೇಷನ್ನಿನ ಎರಡನೆಯ ಬೈಪಾಸ್ ನಾಳಕ್ಕೂ ಕೈಯದೋ ಎದೆಯದೋ ಅಪಧಮನಿ ಬಳಸಲು ಆಗುತ್ತದೆಯೇ, ಮತ್ತು ನರವನ್ನೇ ತೆಗೆಯುವುದಾದರೆ ಕಾಲಿನ ಯಾವ ಭಾಗದಿಂದ. ಆದರೆ ಕಿಡ್ನಿ ರೋಗಿಗಳ ಕೈಯ ಅಪಧಮನಿ ಮುಟ್ಟುವ ಮುನ್ನ ಡಯಾಲಿಸಿಸ್ ತಂಡವನ್ನು ಕೇಳಲೇಬೇಕು. ನಾಳೆ ಫಿಸ್ಟುಲಾಗೆ ಬೇಕಾಗುವುದು ಅದೇ ಕೈ.